ಸಾರುವೆ ಸುರಕ್ಷತೆ

ಸಾರುವೆ ಸುರಕ್ಷತೆ ಎಂಬುದು ಕಟ್ಟಡಗಳ ನಿರ್ಮಾಣ, ದುರಸ್ತಿ, ಗಿಲಾವು, ಬಣ್ಣ ಬಳಿಯುವಿಕೆ ಹಾಗೂ ಕೆಡವುವ ಕೆಲಸಗಳಲ್ಲಿ ಬಳಸುವ ತಾತ್ಕಾಲಿಕ ಅಟ್ಟಣೆಯನ್ನು ಅಪಾಯವಿಲ್ಲದಂತೆ ವಿನ್ಯಾಸಗೊಳಿಸುವ, ಕಟ್ಟುವ, ಬಳಸುವ, ತಪಾಸಿಸುವ ಮತ್ತು ಬಿಚ್ಚುವ ಕ್ರಮಗಳ ಒಟ್ಟು ಹೆಸರು. ನಿರ್ಮಾಣ ಕ್ಷೇತ್ರದಲ್ಲಿ ಸಂಭವಿಸುವ ಸಾವುಗಳಿಗೆ ಎತ್ತರದಿಂದ ಬೀಳುವುದು ಮುಖ್ಯ ಕಾರಣಗಳಲ್ಲೊಂದಾಗಿದ್ದು, ಅಂತಹ ಹಲವು ಪ್ರಕರಣಗಳು ಸಾರುವೆಗೆ ಸಂಬಂಧಿಸಿರುತ್ತವೆ. ಸಾರುವೆಯ ಸುರಕ್ಷತೆ ಎರಡು ಅಂಶಗಳನ್ನು ಅವಲಂಬಿಸಿದೆ: ಮೊದಲನೆಯದು ರಚನೆಯ ಬಲ, ಎರಡನೆಯದು ಅದನ್ನು ಕಟ್ಟುವ, ಬಳಸುವ ಮತ್ತು ಪರಿಶೀಲಿಸುವ ಜನರ ಸಾಮರ್ಥ್ಯ. ಅನೇಕ ದೇಶಗಳ ಕಾನೂನುಗಳು ಎರಡನೆಯ ಅಂಶವನ್ನು 'ಸಮರ್ಥ ವ್ಯಕ್ತಿ' ಎಂಬ ಪರಿಕಲ್ಪನೆಯ ಮೂಲಕ ಕಡ್ಡಾಯಗೊಳಿಸಿವೆ.

ಹೆಸರು ಮತ್ತು ವ್ಯಾಪ್ತಿ

ಕನ್ನಡದಲ್ಲಿ ಈ ರಚನೆಗೆ ಸಾರುವೆ, ಸಾರವೆ, ಸಾರ್ವೆ, ಅಟ್ಟಣೆ, ಅಟ್ಟಳಿಗೆ ಎಂಬ ಹೆಸರುಗಳಿವೆ. ಕಟ್ಟಡ ಕೆಲಸದ ಸ್ಥಳಗಳಲ್ಲಿ ಸ್ಕ್ಯಾಫೋಲ್ಡಿಂಗ್ ಎಂಬ ಪದವೂ ಬಳಕೆಯಲ್ಲಿದೆ. ಕಾಂಕ್ರೀಟ್ ಗಟ್ಟಿಯಾಗುವವರೆಗೆ ಅದನ್ನು ಹೊತ್ತುಕೊಳ್ಳುವ ಅಚ್ಚು ಮತ್ತು ಆಧಾರಗಳಿಗೆ ಸೆಂಟ್ರಿಂಗ್ ಎನ್ನುತ್ತಾರೆ. ಸಾರುವೆ ಮುಖ್ಯವಾಗಿ ಕೆಲಸಗಾರರನ್ನು ಮತ್ತು ಅವರ ಸಾಮಗ್ರಿಯನ್ನು ಹೊರುತ್ತದೆ. ಸೆಂಟ್ರಿಂಗ್ ಹಸಿ ಕಾಂಕ್ರೀಟಿನ ಭಾರವನ್ನು ಹೊರುತ್ತದೆ. ಎರಡಕ್ಕೂ ಒಂದೇ ಬಗೆಯ ಕೊಳವೆಗಳನ್ನು ಬಳಸುವುದುಂಟಾದರೂ ಅವುಗಳ ಮೇಲಿನ ಭಾರದ ಲೆಕ್ಕಾಚಾರ ಬೇರೆ ಬೇರೆ. ಸೆಂಟ್ರಿಂಗ್‌ನ ಕಂಬಗಳಿಗೆ ಹಲಗೆ ಕಟ್ಟಿ ಸಾರುವೆಯಂತೆ ಬಳಸುವುದನ್ನು ಸುರಕ್ಷಿತ ಪದ್ಧತಿಯೆಂದು ಪರಿಗಣಿಸುವುದಿಲ್ಲ.

ಇತಿಹಾಸ

ಫ್ರಾನ್ಸ್‌ನ ಲಾಸ್ಕೋ ಗುಹೆಗಳಲ್ಲಿ ವರ್ಣಚಿತ್ರಗಳಿರುವ ಗೋಡೆಯಲ್ಲಿ ಕಂಡುಬಂದ ಕುಳಿಗಳು, ಸುಮಾರು 17,000 ವರ್ಷಗಳ ಹಿಂದೆಯೇ ಎತ್ತರದಲ್ಲಿ ನಿಂತು ಕೆಲಸ ಮಾಡಲು ಅಟ್ಟಣೆ ಕಟ್ಟುತ್ತಿದ್ದರೆಂಬುದನ್ನು ಸೂಚಿಸುತ್ತವೆ. ಯುರೋಪಿನ ಮಧ್ಯಯುಗದ ಕೋಟೆ ಮತ್ತು ಚರ್ಚುಗಳ ಗೋಡೆಗಳಲ್ಲಿ ಸಾಲಾಗಿ ಕಾಣುವ ಚೌಕಾಕಾರದ ರಂಧ್ರಗಳು ಸಾರುವೆಯ ಅಡ್ಡಗಳಗಳನ್ನು ಸೇರಿಸಲು ಬಿಟ್ಟವಾಗಿವೆ. ದಕ್ಷಿಣ ಭಾರತದಲ್ಲಿ ಬಿದಿರು ಹಾಗೂ ಸರ್ವೆ ಮರದ ಗಳಗಳನ್ನು ತೆಂಗಿನ ನಾರಿನ ಹಗ್ಗದಿಂದ ಬಿಗಿದು ಸಾರುವೆ ಕಟ್ಟುವ ಪದ್ಧತಿ ದೀರ್ಘಕಾಲದಿಂದ ರೂಢಿಯಲ್ಲಿದೆ. ಸಣ್ಣ ಮನೆಗಳ ಕೆಲಸದಲ್ಲಿ ಅದು ಈಗಲೂ ಉಳಿದುಕೊಂಡಿದೆ.

20ನೇ ಶತಮಾನದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಉಕ್ಕಿನ ಕೊಳವೆ ಮತ್ತು ಅವುಗಳನ್ನು ಬಿಗಿಯುವ ಲೋಹದ ಕಪ್ಲರ್‌ಗಳು ಬಳಕೆಗೆ ಬಂದವು. ಗಂಟಿನ ಬಿಗಿತವು ಕಟ್ಟುವವನ ಕೈಚಳಕವೊಂದನ್ನೇ ಅವಲಂಬಿಸಿದ್ದ ಸ್ಥಿತಿ ಇದರಿಂದ ಬದಲಾಗಿ, ಜೋಡಣೆಯ ಬಲವನ್ನು ಅಳೆಯಲು ಮತ್ತು ಪ್ರಮಾಣೀಕರಿಸಲು ಸಾಧ್ಯವಾಯಿತು. ಶತಮಾನದ ಉತ್ತರಾರ್ಧದಲ್ಲಿ ಕಪ್‌ಲಾಕ್, ರಿಂಗ್‌ಲಾಕ್‌ನಂತಹ ಸಿದ್ಧ ಜೋಡಣೆಯ ಪದ್ಧತಿಗಳು ಬಂದವು. ಇವುಗಳಲ್ಲಿ ಕಂಬದ ಮೇಲೆ ನಿಗದಿತ ಅಂತರದಲ್ಲಿ ಬೆಸೆದ ಬಟ್ಟಲು ಅಥವಾ ಬಿಲ್ಲೆಗಳಿಗೆ ಅಡ್ಡಗಂಬಿಗಳನ್ನು ಸಿಕ್ಕಿಸಿ ಬಿಗಿಯಲಾಗುತ್ತದೆ.

ಕರ್ನಾಟಕದಲ್ಲಿ ಸಾರುವೆಯ ಅತ್ಯಂತ ಪರಿಚಿತ ಸಾರ್ವಜನಿಕ ರೂಪ ಶ್ರವಣಬೆಳಗೊಳದ್ದು. ಸುಮಾರು 12 ವರ್ಷಗಳಿಗೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕಕ್ಕಾಗಿ ಗೊಮ್ಮಟೇಶ್ವರನ ಮೂರ್ತಿಯ ಹಿಂಬದಿಯಲ್ಲಿ ಅಟ್ಟಳಿಗೆಯನ್ನು ನಿರ್ಮಿಸಲಾಗುತ್ತದೆ. ಕಳಶ ಹೊತ್ತ ಭಕ್ತರು ಅದರ ಮೂಲಕ ಮೂರ್ತಿಯ ಶಿರೋಭಾಗದವರೆಗೆ ಏರುತ್ತಾರೆ. ಹಿಂದೆ ಮರದಿಂದ ಕಟ್ಟುತ್ತಿದ್ದ ಈ ಅಟ್ಟಳಿಗೆಯನ್ನು 2018ರ ಉತ್ಸವದಲ್ಲಿ ಜರ್ಮನ್ ತಂತ್ರಜ್ಞಾನದ ಉಕ್ಕಿನ ಜೋಡಣೆಯಿಂದ ರಚಿಸಲಾಗಿತ್ತು.

ಭಾಗಗಳು

ಕೊಳವೆ ಸಾರುವೆಯ ಮುಖ್ಯ ಭಾಗಗಳು ಹೀಗಿವೆ:

ನಿಲುಗಂಬ: ಎಲ್ಲ ಭಾರವನ್ನು ನೆಲಕ್ಕೆ ಇಳಿಸುವ ಲಂಬ ಕೊಳವೆ. ಸಾಮಾನ್ಯವಾಗಿ ಬಳಸುವ ಉಕ್ಕಿನ ಕೊಳವೆಯ ಹೊರವ್ಯಾಸ 48.3 ಮಿಲಿಮೀಟರ್.

ಲೆಡ್ಜರ್: ಗೋಡೆಗೆ ಸಮಾನಾಂತರವಾಗಿ ನಿಲುಗಂಬಗಳನ್ನು ಜೋಡಿಸುವ ಅಡ್ಡಗಂಬಿ.

ಟ್ರಾನ್ಸಮ್: ಒಳ ಮತ್ತು ಹೊರ ಸಾಲಿನ ಕಂಬಗಳ ನಡುವೆ ಹಾಯುವ, ಹಲಗೆಗಳನ್ನು ಹೊರುವ ಗಂಬಿ. ಇದರ ಒಂದು ತುದಿ ಗೋಡೆಯೊಳಗೆ ಕೂರುವುದಾದರೆ ಅದನ್ನು ಪುಟ್‌ಲಾಗ್ ಎನ್ನುತ್ತಾರೆ.

ಬ್ರೇಸಿಂಗ್: ರಚನೆ ಪಕ್ಕಕ್ಕೆ ವಾಲದಂತೆ ತಡೆಯುವ ಓರೆಗಂಬಿ. ಇದಿಲ್ಲದಿದ್ದರೆ ಚೌಕಟ್ಟು ಆಯತದಿಂದ ಸಮಾಂತರ ಚತುರ್ಭುಜವಾಗಿ ಓರೆಗೊಂಡು ಕುಸಿಯಬಹುದು.

ಬೇಸ್ ಪ್ಲೇಟ್ ಮತ್ತು ತಳಹಲಗೆ: ಕಂಬದ ಭಾರವನ್ನು ನೆಲದ ಹೆಚ್ಚಿನ ವಿಸ್ತೀರ್ಣಕ್ಕೆ ಹಂಚುವ ಉಕ್ಕಿನ ತಟ್ಟೆ ಮತ್ತು ಅದರಡಿಯ ಮರದ ಹಲಗೆ. ಇಟ್ಟಿಗೆ, ಕಲ್ಲುಚೂರು ಅಥವಾ ಖಾಲಿ ಡ್ರಮ್ಮುಗಳನ್ನು ಇವುಗಳ ಬದಲಿಗೆ ಇಡುವುದು ನಿಷಿದ್ಧ.

ಟೈ: ಸಾರುವೆಯನ್ನು ಕಟ್ಟಡಕ್ಕೆ ಬಿಗಿಯುವ ಜೋಡಣೆ.

ಕೆಲಸದ ಅಟ್ಟ: ಹಲಗೆ ಅಥವಾ ಉಕ್ಕಿನ ಜಾಲರಿ ಹಾಸಿದ, ಕೆಲಸಗಾರರು ನಿಲ್ಲುವ ಭಾಗ.

ತಡೆಗಂಬಿ ಮತ್ತು ಅಂಚುಹಲಗೆ: ತಡೆಗಂಬಿ ಮನುಷ್ಯರು ಬೀಳುವುದನ್ನೂ, ಅಟ್ಟದ ಅಂಚಿಗೆ ನಿಲ್ಲಿಸಿದ ಹಲಗೆ ಸಾಮಗ್ರಿ ಕೆಳಗೆ ಉರುಳುವುದನ್ನೂ ತಡೆಯುತ್ತವೆ.

ವಿಧಗಳು

ಒಂಟಿಸಾಲಿನ ಸಾರುವೆಯಲ್ಲಿ ಒಂದೇ ಸಾಲು ಕಂಬಗಳಿದ್ದು, ಅಡ್ಡಗಳಗಳ ಇನ್ನೊಂದು ತುದಿಯನ್ನು ಗೋಡೆಯ ರಂಧ್ರಗಳಲ್ಲಿ ಕೂರಿಸಲಾಗುತ್ತದೆ. ಇಟ್ಟಿಗೆ ಕೆಲಸದಲ್ಲಿ ಇದು ಸಾಮಾನ್ಯ. ಹೊಸದಾಗಿ ಕಟ್ಟಿದ, ಗಾರೆ ಇನ್ನೂ ಗಟ್ಟಿಯಾಗದ ಗೋಡೆಯನ್ನೇ ಇದು ಆಧರಿಸುವುದರಿಂದ ಗೋಡೆಯ ಬಲವೇ ಸಾರುವೆಯ ಬಲದ ಮಿತಿಯಾಗುತ್ತದೆ. ಜೋಡಿಸಾಲಿನ ಸಾರುವೆ ಎರಡು ಸಾಲು ಕಂಬಗಳ ಮೇಲೆ ನಿಲ್ಲುತ್ತದೆ. ಆದರೂ ವಾಲದಂತೆ ಅದನ್ನು ಕಟ್ಟಡಕ್ಕೆ ಬಿಗಿಯಲೇಬೇಕು. ಇವಲ್ಲದೆ ಚಕ್ರಗಳ ಮೇಲಿನ ಸಂಚಾರಿ ಗೋಪುರ, ಕಟ್ಟಡದಿಂದ ಹೊರಚಾಚಿದ ತೊಲೆಗಳ ಮೇಲೆ ನಿಲ್ಲುವ ಚಾಚುಸಾರುವೆ ಮತ್ತು ಚಾವಣಿಯಿಂದ ತಂತಿಹಗ್ಗಗಳಲ್ಲಿ ತೂಗುಬಿಟ್ಟ ತೂಗುಸಾರುವೆ ಎಂಬ ಬಗೆಗಳಿವೆ. ಬಹುಮಹಡಿ ಕಟ್ಟಡಗಳ ಹೊರಗೋಡೆಗೆ ಬಣ್ಣ ಹಚ್ಚಲು, ಗಾಜು ಒರೆಸಲು ತೂಗುಸಾರುವೆಯನ್ನು ಹೆಚ್ಚಾಗಿ ಬಳಸುತ್ತಾರೆ.

ಬಲ ಮತ್ತು ಸ್ಥಿರತೆ

ಭಾರ

ಸಾರುವೆಯನ್ನು ಅದು ಹೊರಬೇಕಾದ ಭಾರಕ್ಕೆ ಅನುಗುಣವಾಗಿ ವರ್ಗೀಕರಿಸಲಾಗುತ್ತದೆ. ಯುರೋಪಿನ ಮಾನಕದಲ್ಲಿ ಪ್ರತಿ ಚದರ ಮೀಟರಿಗೆ 0.75 ಕಿಲೋನ್ಯೂಟನ್‌ನಿಂದ 6 ಕಿಲೋನ್ಯೂಟನ್‌ವರೆಗೆ ಆರು ವರ್ಗಗಳಿವೆ. ಅಮೆರಿಕದ ನಿಯಮದ ಪ್ರಕಾರ ಸಾರುವೆಯು ತನ್ನ ಸ್ವಂತ ತೂಕದ ಜೊತೆಗೆ ಉದ್ದೇಶಿತ ಗರಿಷ್ಠ ಭಾರದ ನಾಲ್ಕು ಪಟ್ಟನ್ನು ಹೊರಬಲ್ಲದ್ದಾಗಿರಬೇಕು.

ಈ ಅಂಕಿಗಳ ಅರ್ಥವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. 2.4 ಮೀಟರ್ ಉದ್ದ, 1.2 ಮೀಟರ್ ಅಗಲದ ಒಂದು ಅಂಕಣದ ವಿಸ್ತೀರ್ಣ 2.88 ಚದರ ಮೀಟರ್. ಚದರ ಮೀಟರಿಗೆ 2 ಕಿಲೋನ್ಯೂಟನ್ ಭಾರಕ್ಕೆ ರಚಿಸಿದ ಸಾರುವೆಯಾದರೆ ಆ ಅಂಕಣ ಹೊರಬಹುದಾದ ಒಟ್ಟು ಭಾರ ಸುಮಾರು 587 ಕಿಲೋಗ್ರಾಂ. ತಲಾ 80 ಕಿಲೋಗ್ರಾಂ ತೂಕದ ಇಬ್ಬರು ಕೆಲಸಗಾರರು, 60 ಕಿಲೋಗ್ರಾಂ ಗಾರೆ ಮತ್ತು ಉಪಕರಣಗಳನ್ನು ಕಳೆದರೆ ಉಳಿಯುವುದು 367 ಕಿಲೋಗ್ರಾಂ. ತಲಾ 30 ಕಿಲೋಗ್ರಾಂ ತೂಗುವ ಘನ ಕಾಂಕ್ರೀಟ್ ಬ್ಲಾಕುಗಳಲ್ಲಿ ಹೇಳುವುದಾದರೆ ಇದು 12 ಬ್ಲಾಕುಗಳಷ್ಟೇ. ಮತ್ತೆ ಮತ್ತೆ ಹತ್ತಿಳಿಯುವ ಶ್ರಮ ತಪ್ಪಿಸಲು ದಿನದ ಬ್ಲಾಕುಗಳನ್ನೆಲ್ಲ ಬೆಳಿಗ್ಗೆಯೇ ಅಟ್ಟದ ಮೇಲೆ ಪೇರಿಸುವ ರೂಢಿಯಿಂದ ಈ ಮಿತಿ ಸುಲಭವಾಗಿ ಮೀರುತ್ತದೆ.

ಕಂಬದ ಬಳುಕು

ತೆಳ್ಳನೆಯ ಉದ್ದ ಕಂಬವು ಲೋಹ ಜಜ್ಜಿ ಹೋಗುವುದಕ್ಕೆ ಬಹಳ ಮೊದಲೇ ಪಕ್ಕಕ್ಕೆ ಬಳುಕಿ ಕುಸಿಯುತ್ತದೆ. ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 18ನೇ ಶತಮಾನದಲ್ಲಿ ನಿರೂಪಿಸಿದ ಸೂತ್ರದಂತೆ, ಕಂಬ ಬಳುಕುವ ಭಾರವು ಅದರ ಆಧಾರರಹಿತ ಉದ್ದದ ವರ್ಗಕ್ಕೆ ವಿಲೋಮವಾಗಿರುತ್ತದೆ. ಎರಡು ಮೀಟರಿಗೊಂದರಂತೆ ಇರುವ ಲೆಡ್ಜರ್‌ಗಳಲ್ಲಿ ಒಂದನ್ನು ತೆಗೆದರೆ ಆಧಾರರಹಿತ ಉದ್ದ ನಾಲ್ಕು ಮೀಟರ್ ಆಗಿ, ಆ ಭಾಗದ ಕಂಬದ ಸಾಮರ್ಥ್ಯ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ದಾರಿಗೆ ಅಡ್ಡವಾಗುತ್ತದೆಂದೋ ಬೇರೆಡೆಗೆ ಬೇಕೆಂದೋ ಒಂದೇ ಒಂದು ಗಂಬಿಯನ್ನು ಬಿಚ್ಚಿಕೊಂಡು ಹೋಗುವುದು ಅಪಾಯಕಾರಿ ಎನ್ನಲು ಇದೇ ಕಾರಣ. ಬಿಚ್ಚಿದ ಕೂಡಲೇ ಸಾರುವೆ ಬೀಳುವುದಿಲ್ಲ. ಮುಂದೆ ಪೂರ್ಣ ಭಾರ ಬಿದ್ದಾಗ ಬೀಳುತ್ತದೆ. ಆಗ ಅದರ ಮೇಲಿರುವವರು ಗಂಬಿ ಬಿಚ್ಚಿದವರಾಗಿರಬೇಕೆಂದಿಲ್ಲ.

ಗಾಳಿ ಮತ್ತು ಬಿಗಿ

ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿಯಾಗುತ್ತದೆ. ಧೂಳು ಹಾರದಿರಲು ಕಟ್ಟುವ ಹಸಿರು ಬಲೆ ಅಥವಾ ತಾಡಪಾಲು ಸಾರುವೆಯನ್ನು ಹಾಯಿಯಂತೆ ಮಾಡುವುದರಿಂದ, ಬಲೆ ಕಟ್ಟುವ ಮುನ್ನ ಟೈಗಳ ಸಂಖ್ಯೆಯನ್ನು ಹೆಚ್ಚಿಸಬೇಕಾಗುತ್ತದೆ. ಅಮೆರಿಕದ ನಿಯಮದಂತೆ ಎತ್ತರವು ತಳದ ಅಗಲದ ನಾಲ್ಕು ಪಟ್ಟನ್ನು ಮೀರಿದ ಸಾರುವೆಯನ್ನು ಉರುಳದಂತೆ ಬಿಗಿಯುವುದು ಕಡ್ಡಾಯ. ಗಿಲಾವು ಮಾಡುವಾಗ ಟೈಗಳು ಅಡ್ಡಬರುತ್ತವೆಂದು ಒಂದೊಂದಾಗಿ ಬಿಚ್ಚುತ್ತಾ ಹೋಗುವುದು ಸಾರುವೆ ಒಟ್ಟಾಗಿ ಗೋಡೆಯಿಂದ ಕಳಚಿಕೊಳ್ಳಲು ಪ್ರಮುಖ ಕಾರಣವಾಗಿದೆ.

ಮುಖ್ಯ ಅಪಾಯಗಳು

ಸಾರುವೆಗೆ ಸಂಬಂಧಿಸಿದ ಅಪಾಯಗಳನ್ನು ನಾಲ್ಕಾಗಿ ವಿಂಗಡಿಸಬಹುದು: ಕೆಲಸಗಾರ ಬೀಳುವುದು, ರಚನೆ ಕುಸಿಯುವುದು, ಸಾಮಗ್ರಿ ಕೆಳಗಿರುವವರ ಮೇಲೆ ಬೀಳುವುದು ಮತ್ತು ವಿದ್ಯುದಾಘಾತ.

ಎರಡು ಮಹಡಿಯ ಎತ್ತರ, ಅಂದರೆ ಸುಮಾರು 6 ಮೀಟರಿನಿಂದ ಬೀಳುವ ವ್ಯಕ್ತಿ 1.1 ಸೆಕೆಂಡಿನಲ್ಲಿ ನೆಲ ಮುಟ್ಟುತ್ತಾನೆ. ಆಗ ಅವನ ವೇಗ ಗಂಟೆಗೆ ಸುಮಾರು 39 ಕಿಲೋಮೀಟರ್. ಏನನ್ನಾದರೂ ಹಿಡಿದುಕೊಳ್ಳುವ ಅವಕಾಶ ಬಹುತೇಕ ಇರುವುದಿಲ್ಲ. ಆದ್ದರಿಂದ ಎಚ್ಚರಿಕೆಯಿಂದಿರುವಂತೆ ಕಾರ್ಮಿಕನಿಗೆ ಹೇಳುವುದಕ್ಕಿಂತ ಬೀಳುವ ಸಂದರ್ಭವೇ ಬಾರದಂತೆ ತಡೆಗಂಬಿ ಕಟ್ಟುವುದು ಮೊದಲ ಕರ್ತವ್ಯವೆಂದು ಸುರಕ್ಷತಾ ಶಾಸ್ತ್ರ ಪರಿಗಣಿಸುತ್ತದೆ.

ಅಟ್ಟದ ಹಲಗೆಗಳ ನಡುವಿನ ಸಂದು, ಆಧಾರದಾಚೆಗೆ ಉದ್ದವಾಗಿ ಚಾಚಿ ತುಳಿದರೆ ಮಗುಚುವ ಹಲಗೆ, ಏಣಿಯಿಲ್ಲದ ಕಾರಣ ಓರೆಗಂಬಿಗಳನ್ನೇ ಹಿಡಿದು ಏರುವುದು, ಮಳೆಯಲ್ಲಿ ಜಾರುವ ಉಕ್ಕಿನ ಹಾಸು ಮುಂತಾದವು ಬೀಳುವಿಕೆಯ ಸಾಮಾನ್ಯ ಕಾರಣಗಳು. ಬಿದಿರಿನ ಸಾರುವೆಯಲ್ಲಿ ಗೆದ್ದಲು ಅಥವಾ ಹುಳು ತಿಂದ ಗಳ, ಬಿರುಕುಬಿಟ್ಟ ಗೆಣ್ಣು, ಮಳೆ ಬಿಸಿಲಿಗೆ ಸಡಿಲಗೊಂಡ ಹಗ್ಗ ಇವು ಹೆಚ್ಚುವರಿ ಅಪಾಯಗಳು. ನಗರಗಳ ಕಿರಿದಾದ ನಿವೇಶನಗಳಲ್ಲಿ ವಿದ್ಯುತ್ ತಂತಿಗಳು ಕಟ್ಟಡಕ್ಕೆ ಸಮೀಪದಲ್ಲೇ ಹಾದುಹೋಗುವುದರಿಂದ, ಉದ್ದದ ಲೋಹದ ಕೊಳವೆಯನ್ನು ಎತ್ತಿ ನಿಲ್ಲಿಸುವಾಗ ಅದು ತಂತಿಗೆ ತಗಲುವ ಸಂಭವವಿದೆ. ಹೆಚ್ಚಿನ ಒತ್ತಡದ ತಂತಿಗಳ ವಿಷಯದಲ್ಲಿ ಮುಟ್ಟದಿದ್ದರೂ, ತೀರಾ ಹತ್ತಿರ ಹೋದರೆ ವಿದ್ಯುತ್ ಹಾರಬಲ್ಲದು.

ಬೀಳುವಿಕೆಯ ತಡೆ

ಎತ್ತರದ ಕೆಲಸದಲ್ಲಿ ಸುರಕ್ಷತಾ ಕ್ರಮಗಳಿಗೆ ಒಂದು ಅನುಕ್ರಮವಿದೆ. ಸಾಧ್ಯವಾದರೆ ಕೆಲಸವನ್ನು ನೆಲದ ಮೇಲೆಯೇ ಮಾಡುವುದು ಮೊದಲನೆಯದು. ಸಾಧ್ಯವಾಗದಿದ್ದರೆ ಪೂರ್ಣ ಹಲಗೆ ಮತ್ತು ತಡೆಗಂಬಿಗಳಿರುವ ಅಟ್ಟವನ್ನು ಒದಗಿಸುವುದು ಎರಡನೆಯದು. ಬಿದ್ದರೂ ಪೆಟ್ಟಾಗದಂತೆ ಬಲೆ ಅಥವಾ ಹಾರ್ನೆಸ್ ಬಳಸುವುದು ಕೊನೆಯದು. ಬ್ರಿಟನ್ನಿನ 2005ರ ಎತ್ತರದ ಕೆಲಸದ ನಿಯಮಾವಳಿಯು ಮೇಲಿನ ತಡೆಗಂಬಿ ಕನಿಷ್ಠ 950 ಮಿಲಿಮೀಟರ್ ಎತ್ತರದಲ್ಲಿರಬೇಕು, ತಡೆಗಂಬಿಗಳ ನಡುವಿನ ಅಂತರ 470 ಮಿಲಿಮೀಟರ್ ಮೀರಬಾರದು ಎಂದು ನಿಗದಿಪಡಿಸಿದೆ. ಅಮೆರಿಕದಲ್ಲಿ 10 ಅಡಿಗಿಂತ ಎತ್ತರದ ಸಾರುವೆಯ ಮೇಲೆ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಬೀಳುವಿಕೆಯಿಂದ ರಕ್ಷಣೆ ಒದಗಿಸಬೇಕು.

ಹಾರ್ನೆಸ್ ಧರಿಸಿದ ಮಾತ್ರಕ್ಕೆ ಸುರಕ್ಷತೆ ದೊರೆಯುವುದಿಲ್ಲ. ಸೊಂಟಕ್ಕೆ ಮಾತ್ರ ಕಟ್ಟುವ ಹಳೆಯ ಬಗೆಯ ಬೆಲ್ಟ್ ಬೀಳುವಾಗಿನ ಜಗ್ಗಿನಿಂದ ಬೆನ್ನೆಲುಬು ಮತ್ತು ಹೊಟ್ಟೆಗೆ ಗಂಭೀರ ಹಾನಿ ಮಾಡಬಲ್ಲದು; ಆದ್ದರಿಂದ ತೊಡೆ, ಭುಜ, ಎದೆಗಳನ್ನು ಬಳಸುವ ಪೂರ್ಣದೇಹದ ಹಾರ್ನೆಸ್ ಬಳಸಬೇಕು. ಕೊಕ್ಕೆಯನ್ನು ಬೆನ್ನಿನ ಮಟ್ಟದಲ್ಲಿ ಸಿಕ್ಕಿಸಿದ್ದರೆ 1.8 ಮೀಟರ್ ಹಗ್ಗ, ಆಘಾತ ಹೀರುಕ ಬಿಚ್ಚಿಕೊಳ್ಳುವ ಸುಮಾರು 1.2 ಮೀಟರ್, ಬೆನ್ನಿನಿಂದ ಪಾದದವರೆಗಿನ ಸುಮಾರು 1.5 ಮೀಟರ್ ಮತ್ತು 1 ಮೀಟರ್ ಹೆಚ್ಚುವರಿ ಅಂತರ ಸೇರಿ, ಕೊಕ್ಕೆಯ ಕೆಳಗೆ ಒಟ್ಟು 5.5 ಮೀಟರ್ ತೆರವು ಬೇಕಾಗುತ್ತದೆ. ಮೊದಲ ಮಹಡಿಯ ಮಟ್ಟದಲ್ಲಿ ಹೀಗೆ ಕೊಕ್ಕೆ ಸಿಕ್ಕಿಸಿದವನು ಹಗ್ಗ ಬಿಗಿಯುವ ಮೊದಲೇ ನೆಲಕ್ಕೆ ಬಡಿಯಬಹುದು. ಕೊಕ್ಕೆಯನ್ನು ತಲೆಯ ಮೇಲ್ಭಾಗದಲ್ಲಿ, ಭಾರ ತಡೆಯಬಲ್ಲ ಭಾಗಕ್ಕೆ ಸಿಕ್ಕಿಸಬೇಕೆಂಬ ಸೂಚನೆಯ ಹಿನ್ನೆಲೆ ಇದು. ಹಾರ್ನೆಸ್‌ನಲ್ಲಿ ಅಲುಗಾಡದೆ ನೇತಾಡುವ ವ್ಯಕ್ತಿಯ ಕಾಲುಗಳಲ್ಲಿ ರಕ್ತ ನಿಂತು ಪ್ರಾಣಾಪಾಯ ಉಂಟಾಗಬಹುದಾದ್ದರಿಂದ, ಅವನನ್ನು ಕೆಲವೇ ನಿಮಿಷಗಳಲ್ಲಿ ಇಳಿಸುವ ಏರ್ಪಾಡು ಮುಂಚಿತವಾಗಿಯೇ ಸಿದ್ಧವಿರಬೇಕು.

ಕಾರ್ಮಿಕರ ಸಾಮರ್ಥ್ಯ

ಸಮರ್ಥ ವ್ಯಕ್ತಿ

ಅಮೆರಿಕದ ನಿರ್ಮಾಣ ಸುರಕ್ಷತಾ ನಿಯಮಗಳಲ್ಲಿ ಸಮರ್ಥ ವ್ಯಕ್ತಿಯ ವ್ಯಾಖ್ಯೆಗೆ ಎರಡು ಭಾಗಗಳಿವೆ. ಅವನು ಇರುವ ಮತ್ತು ಊಹಿಸಬಹುದಾದ ಅಪಾಯಗಳನ್ನು ಗುರುತಿಸಬಲ್ಲವನಾಗಿರಬೇಕು. ಅವುಗಳನ್ನು ತಕ್ಷಣ ನಿವಾರಿಸುವ ಅಧಿಕಾರವನ್ನೂ ಹೊಂದಿರಬೇಕು. ಎರಡನೆಯ ಭಾಗವು ಮೊದಲನೆಯದರಷ್ಟೇ ಮುಖ್ಯವಾದುದು. ಕಂಬ ಓರೆಯಾಗಿರುವುದನ್ನು ಕಂಡೂ ಕೆಲಸ ನಿಲ್ಲಿಸುವ ಅಧಿಕಾರವಿಲ್ಲದ ಮೇಸ್ತ್ರಿ ಈ ವ್ಯಾಖ್ಯೆಯಂತೆ ಸಮರ್ಥ ವ್ಯಕ್ತಿಯಾಗುವುದಿಲ್ಲ. ಅಧಿಕಾರವಿದ್ದು ಸಾರುವೆಯ ಜ್ಞಾನವಿಲ್ಲದ ವ್ಯವಸ್ಥಾಪಕನೂ ಆಗುವುದಿಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1988ರಲ್ಲಿ ಅಂಗೀಕರಿಸಿದ ನಿರ್ಮಾಣ ಕ್ಷೇತ್ರದ ಸುರಕ್ಷತೆ ಮತ್ತು ಆರೋಗ್ಯ ಕುರಿತ 167ನೇ ಒಡಂಬಡಿಕೆಯ 14ನೇ ವಿಧಿಯು ಸಾರುವೆ ಮತ್ತು ಏಣಿಗಳಿಗೆ ಸಂಬಂಧಿಸಿದೆ. ನೆಲದಿಂದ ಅಥವಾ ಕಟ್ಟಡದ ಭಾಗದಿಂದ ಸುರಕ್ಷಿತವಾಗಿ ಕೆಲಸ ಮಾಡಲಾಗದಿದ್ದಲ್ಲಿ ಸೂಕ್ತ ಸಾರುವೆ ಒದಗಿಸಬೇಕು ಮತ್ತು ಅದನ್ನು ಸಮರ್ಥ ವ್ಯಕ್ತಿ ಪರಿಶೀಲಿಸಬೇಕು ಎಂದು ಅದು ಹೇಳುತ್ತದೆ.

ಮೂರು ಹಂತದ ತಿಳಿವಳಿಕೆ

ಸಾರುವೆಯ ವಿಷಯದಲ್ಲಿ ಮೂರು ಗುಂಪಿನ ಜನರಿಗೆ ಬೇರೆ ಬೇರೆ ಮಟ್ಟದ ತಿಳಿವಳಿಕೆ ಬೇಕಾಗುತ್ತದೆ. ಅದನ್ನು ಕಟ್ಟುವ ಮತ್ತು ಬಿಚ್ಚುವ ಕಾರ್ಮಿಕರು ಜೋಡಣೆಯ ಕ್ರಮ, ಕಪ್ಲರ್‌ನ ಬಿಗಿತ, ಭಾಗಗಳ ದೋಷ, ಬಿಚ್ಚುವಾಗ ಉಳಿದ ಭಾಗ ಸ್ಥಿರವಾಗಿರುವಂತೆ ಅನುಸರಿಸಬೇಕಾದ ಅನುಕ್ರಮ ಇವನ್ನು ಬಲ್ಲವರಾಗಿರಬೇಕು. ಸಾರುವೆಯನ್ನು ಬಳಸುವ ಗಾರೆಯವರು, ಬಣ್ಣದವರು, ಕೈಯಾಳುಗಳು ಎಷ್ಟು ಭಾರ ಇಡಬಹುದು, ಯಾವ ಭಾಗವನ್ನು ಮುಟ್ಟಬಾರದು, ದೋಷ ಕಂಡರೆ ಯಾರಿಗೆ ತಿಳಿಸಬೇಕು ಎಂಬುದನ್ನು ಅರಿತಿರಬೇಕು. ತಪಾಸಣೆ ಮಾಡುವವರಿಗೆ ವಿನ್ಯಾಸದ ನಕ್ಷೆಯನ್ನು ಓದುವ ಮತ್ತು ಕಟ್ಟಿದ್ದನ್ನು ಅದಕ್ಕೆ ಹೋಲಿಸುವ ಸಾಮರ್ಥ್ಯ ಬೇಕು.

ಬ್ರಿಟನ್ನಿನಲ್ಲಿ ನಿರ್ಮಾಣ ಉದ್ಯಮದ ಸಾರುವೆಗಾರರ ದಾಖಲೆ ಯೋಜನೆಯು ತರಬೇತಿ ಪಡೆಯುತ್ತಿರುವವ, ಸಾರುವೆಗಾರ, ಉನ್ನತ ಸಾರುವೆಗಾರ ಎಂಬ ಹಂತಗಳಲ್ಲಿ ಗುರುತಿನ ಚೀಟಿ ನೀಡುತ್ತದೆ. ಭಾರತದಲ್ಲಿ ಭಾರತೀಯ ನಿರ್ಮಾಣ ಕೌಶಲ್ಯ ಅಭಿವೃದ್ಧಿ ಮಂಡಳಿಯು ಸಾರುವೆ ಕಟ್ಟುವ ವೃತ್ತಿಗೂ ಅರ್ಹತಾ ಮಾನದಂಡಗಳನ್ನು ರೂಪಿಸಿದೆ. ಈಗಾಗಲೇ ಕೆಲಸದಲ್ಲಿ ಪಳಗಿದವರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ ವ್ಯವಸ್ಥೆ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆಯಡಿ ಇದೆ.

ತಪಾಸಣೆ

ಬ್ರಿಟನ್ನಿನ ನಿಯಮಾವಳಿಯಂತೆ, ಎರಡು ಮೀಟರ್ ಅಥವಾ ಅದಕ್ಕಿಂತ ಹೆಚ್ಚು ಎತ್ತರದಿಂದ ಬೀಳುವ ಸಂಭವವಿರುವ ಸಾರುವೆಯನ್ನು ಮೊದಲ ಬಳಕೆಗೆ ಮುನ್ನ, ಅನಂತರ ಏಳು ದಿನಗಳಿಗೆ ಮೀರದ ಅಂತರದಲ್ಲಿ, ಹಾಗೂ ಬಿರುಗಾಳಿಯಂತಹ ಸ್ಥಿರತೆಗೆ ಧಕ್ಕೆ ತರುವ ಘಟನೆಯ ಬಳಿಕ ತಪಾಸಿಸಬೇಕು. ಅಮೆರಿಕದಲ್ಲಿ ಪ್ರತಿ ಪಾಳಿಯ ಆರಂಭಕ್ಕೆ ಮುನ್ನ ಸಮರ್ಥ ವ್ಯಕ್ತಿ ಪರಿಶೀಲಿಸಬೇಕು.

ತಪಾಸಣೆಯು ಸಾಮಾನ್ಯವಾಗಿ ನೆಲದಿಂದ ಆರಂಭವಾಗುತ್ತದೆ. ತಳಹಲಗೆಯಡಿ ಮಣ್ಣು ಕುಸಿದಿದೆಯೇ, ಪಕ್ಕದಲ್ಲಿ ಚರಂಡಿ ಅಥವಾ ಪಾಯ ಅಗೆದಿದ್ದಾರೆಯೇ, ಕಂಬಗಳು ನೇರವಾಗಿವೆಯೇ, ಓರೆಗಂಬಿಗಳು ಪೂರ್ಣವಾಗಿವೆಯೇ, ಟೈಗಳು ಇದ್ದಲ್ಲಿಯೇ ಇವೆಯೇ, ಹಲಗೆಗಳು ಬಿಗಿಯಾಗಿವೆಯೇ, ತಡೆಗಂಬಿ ಮತ್ತು ಏಣಿ ಸರಿಯಾಗಿವೆಯೇ ಎಂಬುದನ್ನು ಅನುಕ್ರಮವಾಗಿ ನೋಡಲಾಗುತ್ತದೆ. ದೊಡ್ಡ ಕಾಮಗಾರಿಗಳಲ್ಲಿ ಫಲಿತಾಂಶವನ್ನು ಸಾರುವೆಯ ಪ್ರವೇಶದಲ್ಲಿ ಬಣ್ಣದ ಚೀಟಿಯಿಂದ ಸೂಚಿಸುವ ರೂಢಿಯಿದೆ. ಹಸಿರು ಚೀಟಿ ಬಳಸಬಹುದೆಂದೂ, ಹಳದಿ ಚೀಟಿ ಷರತ್ತಿನ ಮೇಲೆ ಬಳಸಬಹುದೆಂದೂ, ಕೆಂಪು ಚೀಟಿ ಏರಬಾರದೆಂದೂ ತಿಳಿಸುತ್ತವೆ. ಅಕ್ಷರ ಬಾರದವರಿಗೂ ಅರ್ಥವಾಗುವುದು ಈ ಪದ್ಧತಿಯ ಅನುಕೂಲ. ಆದರೆ ತಪಾಸಣೆಯಿಲ್ಲದೆ ದಿನಾಂಕ ಮಾತ್ರ ಬದಲಿಸಿದ ಹಸಿರು ಚೀಟಿಯು ಚೀಟಿಯೇ ಇಲ್ಲದಿರುವುದಕ್ಕಿಂತ ಹೆಚ್ಚು ಅಪಾಯಕಾರಿ.

ಭಾರತದಲ್ಲಿನ ಕಾನೂನು ಮತ್ತು ಮಾನಕಗಳು

ಸಂಸತ್ತು 1996ರಲ್ಲಿ ಅಂಗೀಕರಿಸಿದ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾಯಿದೆಯು ಈ ಕ್ಷೇತ್ರದ ಸುರಕ್ಷತೆಯನ್ನು ಪ್ರತ್ಯೇಕವಾಗಿ ನಿಯಂತ್ರಿಸಿತು. ಅದರಡಿ ರೂಪಿಸಲಾದ 1998ರ ಕೇಂದ್ರ ನಿಯಮಗಳಲ್ಲಿ ಸಾರುವೆಗೆಂದೇ ಒಂದು ಅಧ್ಯಾಯವಿದೆ. ಬಿದಿರು ಉತ್ತಮ ಗುಣಮಟ್ಟದ್ದಾಗಿದ್ದು ಚಾಚಿದ ಗೆಣ್ಣುಗಳಿಂದ ಮುಕ್ತವಾಗಿರಬೇಕು, ಲೋಹದ ಸಾರುವೆ ಮಾನಕಕ್ಕೆ ಅನುಗುಣವಾಗಿರಬೇಕು, ಸಾರುವೆಯನ್ನು ಜವಾಬ್ದಾರಿಯುತ ವ್ಯಕ್ತಿಯ ಮೇಲ್ವಿಚಾರಣೆಯಲ್ಲಿಯೇ ಕಟ್ಟಬೇಕು ಅಥವಾ ಬದಲಿಸಬೇಕು ಎಂಬಂತಹ ವಿಧಿಗಳು ಅದರಲ್ಲಿವೆ. 500 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಸುರಕ್ಷತಾ ಸಮಿತಿ ಮತ್ತು ಸುರಕ್ಷತಾ ಅಧಿಕಾರಿ ಇರಬೇಕೆಂದು ಕಾಯಿದೆ ವಿಧಿಸಿತ್ತು.

2020ರಲ್ಲಿ ಅಂಗೀಕಾರವಾದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು ಈ ಕಾಯಿದೆಯೂ ಸೇರಿದಂತೆ 13 ಕಾಯಿದೆಗಳನ್ನು ಒಗ್ಗೂಡಿಸಿದ್ದು, 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ನಿರ್ಮಾಣ ಕಾಮಗಾರಿಗಳಲ್ಲಿ ಸುರಕ್ಷತಾ ಅಧಿಕಾರಿಯ ನೇಮಕಕ್ಕೆ ಇರಬೇಕಾದ ಕಾರ್ಮಿಕರ ಸಂಖ್ಯೆಯನ್ನು ಸಂಹಿತೆಯು 250ಕ್ಕೆ ಇಳಿಸಿದೆ.

ಭಾರತೀಯ ಮಾನಕ ಬ್ಯೂರೋ ಪ್ರಕಟಿಸಿರುವ ಐಎಸ್ 3696 ಸಾರುವೆ ಮತ್ತು ಏಣಿಗಳ ಸುರಕ್ಷತಾ ಸಂಹಿತೆಯಾಗಿದೆ. ಐಎಸ್ 2750 ಉಕ್ಕಿನ ಸಾರುವೆಗೂ, ಐಎಸ್ 4014 ಉಕ್ಕಿನ ಕೊಳವೆ ಸಾರುವೆಯ ಕಾರ್ಯಪದ್ಧತಿಗೂ, ಐಎಸ್ 3521 ಸುರಕ್ಷತಾ ಬೆಲ್ಟ್ ಮತ್ತು ಹಾರ್ನೆಸ್‌ಗೂ, ಐಎಸ್ 2925 ಶಿರಸ್ತ್ರಾಣಕ್ಕೂ ಸಂಬಂಧಿಸಿವೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಏಳನೆಯ ಭಾಗವು ನಿರ್ಮಾಣ ನಿರ್ವಹಣೆ ಮತ್ತು ಸುರಕ್ಷತೆಯನ್ನು ಕುರಿತದ್ದಾಗಿದೆ.

ನಿರ್ಲಕ್ಷ್ಯದಿಂದ ಸಾವು ಸಂಭವಿಸಿದಾಗ ಈ ಹಿಂದೆ ಭಾರತೀಯ ದಂಡ ಸಂಹಿತೆಯ 304ಎ ಕಲಮಿನಡಿ ಮೊಕದ್ದಮೆ ದಾಖಲಾಗುತ್ತಿತ್ತು. ಗರಿಷ್ಠ ಶಿಕ್ಷೆ ಎರಡು ವರ್ಷವಾಗಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಇದನ್ನು ಐದು ವರ್ಷಕ್ಕೆ ಹೆಚ್ಚಿಸಲಾಗಿದೆ.

ಕರ್ನಾಟಕದಲ್ಲಿ

1996ರ ಕಾಯಿದೆಯಡಿ ಕರ್ನಾಟಕ ಸರ್ಕಾರ 2006ರಲ್ಲಿ ರಾಜ್ಯದ ನಿಯಮಗಳನ್ನು ಹೊರಡಿಸಿತು. ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯು ನಿರ್ಮಾಣ ವೆಚ್ಚದ ಮೇಲೆ ಶೇಕಡ 1ರಷ್ಟು ಉಪಕರವನ್ನು ಸಂಗ್ರಹಿಸಿ, ನೋಂದಾಯಿತ ಕಾರ್ಮಿಕರಿಗೆ ಅಪಘಾತ ಪರಿಹಾರ, ವೈದ್ಯಕೀಯ ನೆರವು, ಪಿಂಚಣಿ ಮುಂತಾದ ಸೌಲಭ್ಯಗಳನ್ನು ನೀಡುತ್ತದೆ. 18ರಿಂದ 60 ವರ್ಷದೊಳಗಿನ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ನಿರ್ಮಾಣ ಕೆಲಸ ಮಾಡಿದವರು ನೋಂದಣಿಗೆ ಅರ್ಹರು. ನೋಂದಣಿಯ ಗುರುತಿನ ಚೀಟಿಯು ಕಾರ್ಮಿಕನ ವೃತ್ತಿಯನ್ನು ದೃಢಪಡಿಸುತ್ತದೆಯೇ ಹೊರತು ಸಾರುವೆ ಕಟ್ಟುವ ಸಾಮರ್ಥ್ಯವನ್ನಲ್ಲ.

ಬೆಂಗಳೂರಿನ ಕಾಮಗಾರಿಗಳಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಂದ ಬಂದವರ ಜೊತೆಗೆ ಬಿಹಾರ, ಒಡಿಶಾ, ಜಾರ್ಖಂಡ್, ಪಶ್ಚಿಮ ಬಂಗಾಳದ ವಲಸೆ ಕಾರ್ಮಿಕರೂ ದುಡಿಯುತ್ತಾರೆ. ಒಂದೇ ಸಾರುವೆಯ ಮೇಲೆ ಮೂರು ನಾಲ್ಕು ಭಾಷೆಗಳ ಜನರಿರುವುದರಿಂದ, ಸುರಕ್ಷತಾ ಸೂಚನೆಯನ್ನು ಯಾವ ಭಾಷೆಯಲ್ಲಿ ನೀಡಲಾಗುತ್ತದೆ ಎಂಬುದು ತರಬೇತಿಯ ಪರಿಣಾಮವನ್ನು ನಿರ್ಧರಿಸುತ್ತದೆ.

ಪ್ರಮುಖ ದುರಂತಗಳು

ವಿಲೋ ಐಲೆಂಡ್, 1978: ಅಮೆರಿಕದ ಪಶ್ಚಿಮ ವರ್ಜೀನಿಯಾ ರಾಜ್ಯದಲ್ಲಿ ವಿದ್ಯುತ್ ಸ್ಥಾವರದ ಶೈತ್ಯಗೋಪುರದ ನಿರ್ಮಾಣದ ವೇಳೆ ಏಪ್ರಿಲ್ 27ರಂದು ಸಾರುವೆ ಕುಸಿದು, ಅದರ ಮೇಲಿದ್ದ 51 ಮಂದಿ ಮೃತಪಟ್ಟರು. ಸಾರುವೆಯನ್ನು ಗೋಪುರದ ಕಾಂಕ್ರೀಟಿಗೇ ಬಿಗಿಯಲಾಗಿತ್ತು. ಹಿಂದಿನ ದಿನ ಹಾಕಿದ ಕಾಂಕ್ರೀಟ್ ಸಾಕಷ್ಟು ಗಟ್ಟಿಯಾಗುವ ಮುನ್ನವೇ ಅದರ ಮೇಲೆ ಭಾರ ಬಿದ್ದುದು ಕಾರಣವೆಂದು ತನಿಖೆ ಕಂಡುಕೊಂಡಿತು.

ಟೊರಾಂಟೊ, 2009: ಕೆನಡಾದಲ್ಲಿ ಡಿಸೆಂಬರ್ 24ರಂದು ವಸತಿ ಕಟ್ಟಡವೊಂದರ ತೂಗುಸಾರುವೆ ತುಂಡಾಗಿ ನಾಲ್ವರು ಮೃತಪಟ್ಟು, ಒಬ್ಬರು ತೀವ್ರವಾಗಿ ಗಾಯಗೊಂಡರು. ಅದರ ಮೇಲಿದ್ದವರ ಸಂಖ್ಯೆಗೆ ತಕ್ಕಷ್ಟು ಜೀವರಕ್ಷಕ ಹಗ್ಗಗಳಿರಲಿಲ್ಲ. ಕಾಮಗಾರಿಯ ವ್ಯವಸ್ಥಾಪಕನಿಗೆ ಕ್ರಿಮಿನಲ್ ನಿರ್ಲಕ್ಷ್ಯಕ್ಕಾಗಿ ಮೂರೂವರೆ ವರ್ಷ ಸೆರೆವಾಸ ವಿಧಿಸಲಾಯಿತು. ದುರಂತದ ನಂತರ ಒಂಟಾರಿಯೊ ಪ್ರಾಂತ್ಯವು ಎತ್ತರದಲ್ಲಿ ಕೆಲಸ ಮಾಡುವ ನಿರ್ಮಾಣ ಕಾರ್ಮಿಕರ ತರಬೇತಿಯನ್ನು 2015ರಿಂದ ಕಡ್ಡಾಯಗೊಳಿಸಿತು.

ಫೆಂಗ್‌ಚೆಂಗ್, 2016: ಚೀನಾದ ಜಿಯಾಂಗ್‌ಶಿ ಪ್ರಾಂತ್ಯದಲ್ಲಿ ನವೆಂಬರ್ 24ರಂದು ಶೈತ್ಯಗೋಪುರದ ಕೆಲಸದ ಅಟ್ಟಣೆ ಕುಸಿದು 70ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಕಾಂಕ್ರೀಟ್ ಬಲಗೊಳ್ಳುವ ಮೊದಲೇ ಅಚ್ಚನ್ನು ತೆಗೆದದ್ದು ಇಲ್ಲಿಯೂ ಕಾರಣವಾಗಿತ್ತು.

ಹಾಂಗ್‌ಕಾಂಗ್, 2025: ನವೆಂಬರ್ 26ರಂದು ತೈ ಪೊ ಪ್ರದೇಶದ ವಾಂಗ್ ಫುಕ್ ಕೋರ್ಟ್ ವಸತಿ ಸಮುಚ್ಚಯದಲ್ಲಿ ಹೊತ್ತಿದ ಬೆಂಕಿ ಎಂಟು ಗೋಪುರಗಳಲ್ಲಿ ಏಳಕ್ಕೆ ಹರಡಿ 150ಕ್ಕೂ ಹೆಚ್ಚು ಜನರು ಮೃತಪಟ್ಟರು. ದುರಸ್ತಿಗಾಗಿ ಕಟ್ಟಡಗಳ ಸುತ್ತ ಬಿದಿರಿನ ಸಾರುವೆ ಮತ್ತು ಬಲೆ ಕಟ್ಟಲಾಗಿತ್ತು. ಸಾರುವೆಗೆ ಹೊದಿಸುವ ವಸ್ತುಗಳ ದಹನಶೀಲತೆ ಕುರಿತ ಚರ್ಚೆಗೆ ಈ ದುರಂತ ಕಾರಣವಾಯಿತು.

ಆಚರಣೆಯಲ್ಲಿನ ತೊಡಕುಗಳು

ಸಾರುವೆಯು ಕಟ್ಟಡದ ಭಾಗವಾಗಿ ಉಳಿಯದ ಕಾರಣ ಅದರ ವೆಚ್ಚವನ್ನು ಉಳಿತಾಯದ ಮೊದಲ ಬಾಬ್ತಾಗಿ ಕಾಣುವ ಪ್ರವೃತ್ತಿಯಿದೆ. ಸಾರುವೆಯನ್ನು ಬಾಡಿಗೆಗೆ ತರುವುದು ಒಬ್ಬರು, ಕಟ್ಟುವುದು ಮತ್ತೊಬ್ಬರು, ಬಳಸುವುದು ಇನ್ನೊಬ್ಬ ಉಪಗುತ್ತಿಗೆದಾರನ ಆಳುಗಳು ಆಗಿರುವಲ್ಲಿ ಹೊಣೆ ಹಂಚಿಹೋಗಿ, ಸಡಿಲವಾದ ಕಪ್ಲರನ್ನು ಬಿಗಿಯಬೇಕಾದವರು ಯಾರೆಂಬುದೇ ಸ್ಪಷ್ಟವಾಗುವುದಿಲ್ಲ. ಚದರಡಿ ಲೆಕ್ಕದಲ್ಲಿ ಕೂಲಿ ಪಡೆಯುವ ಕಾರ್ಮಿಕರಿಗೆ, ತಡೆಗಂಬಿ ಕಟ್ಟಲು ತಗಲುವ ಸಮಯ ಕೂಲಿಯ ನಷ್ಟವಾಗಿ ಪರಿಣಮಿಸುತ್ತದೆ. ದಿನಗೂಲಿಯವನು ಅಸುರಕ್ಷಿತ ಸಾರುವೆ ಏರಲು ನಿರಾಕರಿಸಿದರೆ ಮರುದಿನದ ಕೆಲಸವನ್ನೇ ಕಳೆದುಕೊಳ್ಳುವ ಭಯವಿರುತ್ತದೆ.

ಕಾನೂನಿನ ವ್ಯಾಪ್ತಿಗೂ ಮಿತಿಗಳಿವೆ. 1996ರ ಕಾಯಿದೆಯು 10ಕ್ಕಿಂತ ಕಡಿಮೆ ಕಾರ್ಮಿಕರಿರುವ ಕಾಮಗಾರಿಗಳಿಗೂ, ವ್ಯಕ್ತಿಯೊಬ್ಬ ತನ್ನ ವಾಸಕ್ಕಾಗಿ 10 ಲಕ್ಷ ರೂಪಾಯಿ ಮೀರದ ವೆಚ್ಚದಲ್ಲಿ ಕಟ್ಟಿಕೊಳ್ಳುವ ಮನೆಗೂ ಅನ್ವಯಿಸುತ್ತಿರಲಿಲ್ಲ. 2020ರ ಸಂಹಿತೆಯಲ್ಲಿ ಸ್ವಂತ ಮನೆಯ ಈ ಮಿತಿ 50 ಲಕ್ಷ ರೂಪಾಯಿಗೆ ಏರಿದೆ. ಬಿದಿರಿನ ಗಳ, ಹಳೆಯ ಹಗ್ಗ, ಎರಡು ಹಲಗೆಗಳಿಂದ ಕಟ್ಟಿದ ಸಾರುವೆಗಳು ಹೆಚ್ಚಾಗಿ ಕಾಣುವುದು ಇಂತಹ ಸಣ್ಣ ಕಾಮಗಾರಿಗಳಲ್ಲಿಯೇ. ಅಲ್ಲಿ ಸುರಕ್ಷತಾ ಅಧಿಕಾರಿಯಾಗಲಿ, ಚೀಟಿ ಪದ್ಧತಿಯಾಗಲಿ ಇರುವುದಿಲ್ಲ; ಮನೆಯ ಮಾಲೀಕ ಮತ್ತು ಮೇಸ್ತ್ರಿಯ ತಿಳಿವಳಿಕೆಯೊಂದೇ ಸಾರುವೆ ಏರುವ ಕಾರ್ಮಿಕನಿಗಿರುವ ರಕ್ಷಣೆಯಾಗಿದೆ.